ಕೂಪನ್ ಕತ್ತರಿಸುತ್ತಿದ್ದ ಚಳಿಗಾಲ

ಶುಕ್ರವಾರ ಸ್ಕೂಲ್ ಬಸ್ಸಿನಿಂದ ಇಳಿದ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ನಮ್ಮ ಮನೆಯ ಡ್ರೈವ್‌ವೇಯನ್ನು. ಅಲ್ಲಿ ಅಪ್ಪನ ಕಾರು ಇರಬಾರದು. ಕಾರು ಇಲ್ಲವೆಂದರೆ ಅಪ್ಪ ಇನ್ನೂ ಆಫೀಸಿನಲ್ಲಿದ್ದಾರೆ, ಕೆಲಸ ಇದೆ, ಇನ್ನೊಂದು ವಾರ ದಾಟಿತು ಎಂದು ಅರ್ಥ. ಬೇರೆ ಮಕ್ಕಳು ಅಪ್ಪ ಬೇಗ ಮನೆಗೆ ಬರಲಿ ಎಂದು ಕಾಯುತ್ತಿದ್ದರೆ ನಾನು ಅವರು ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅಪ್ಪ ಕಾರಿನ ಸೀಟುಗಳನ್ನು ಡಿಸೈನ್ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಡೆಟ್ರಾಯಿಟಿನಲ್ಲಿ ಆಗ ಕಾರು ಕೊಳ್ಳುವವರೇ ಇರಲಿಲ್ಲ. ಕಾರೇ ಬೇಡವಾದ ಮೇಲೆ ಸೀಟು ಯಾರಿಗೆ ಬೇಕು? ಶುಕ್ರವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರಂತೆ. ಒಳಗೆ ಹೋದವರು ಹೊರಬರುವಾಗ ಕೈಯಲ್ಲೊಂದು ರಟ್ಟಿನ ಡಬ್ಬ, ಪಕ್ಕದಲ್ಲೊಬ್ಬ ಸೆಕ್ಯೂರಿಟಿ. ಇದನ್ನೆಲ್ಲ ಅಪ್ಪ ಅಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದರು. ಮೆಲ್ಲಗೆ ಹೇಳಿದ್ದೇ ಮಕ್ಕಳ ಕಿವಿಗೆ ಚೆನ್ನಾಗಿ ಬೀಳುವುದು. ಒಮ್ಮೆ ಹಿಮ ಜೋರಾಗಿ ಬಿದ್ದು ಆಫೀಸು ಬೇಗ ಮುಚ್ಚಿತ್ತು. ಗ್ಯಾರೇಜಿನ ಬಾಗಿಲು ಗಡಗಡ ಎಂದದ್ದೇ ತಡ, ಒಗ್ಗರಣೆ ಹಾಕುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕುಸಿದಳು. ಅಪ್ಪ ಬೂಟಿನ ಹಿಮ ಕೊಡವುತ್ತ ಒಳಗೆ ಬಂದು, "ರೋಡು ಕೆಟ್ಟುಹೋಗಿದೆ, ಅದಕ್ಕೇ ಕಳಿಸಿದ್ರು" ಎಂದರು. ಆ ಹೊತ್ತಿಗೆ ಸಾಸಿವೆ ಸೀದು ಕರಕಲಾಗಿತ್ತು.

ಕೆಲಸ ಹೋಗುವುದಕ್ಕಿಂತ ದೊಡ್ಡ ಭಯ ಅದರ ಹಿಂದೆಯೇ ನಿಂತಿತ್ತು. ನಾವು ಈ ದೇಶದಲ್ಲಿ ಇದ್ದದ್ದೇ ಅಪ್ಪನ ಕೆಲಸದ ವೀಸಾದ ಮೇಲೆ. ಕೆಲಸ ಹೋದರೆ ವೀಸಾನೂ ಹೋದ ಹಾಗೆ. ಗಂಟುಮೂಟೆ ಕಟ್ಟಿ ಹೊರಡಬೇಕು. ಅಮ್ಮನಿಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಮೈಸೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದವಳು ಡೆಟ್ರಾಯಿಟಿನ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಒಂದು ಬಾಡಿಗೆ ಕಾಂಡೋದಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಯಲ್ಲಿ, ದಿನವಿಡೀ ಕಿಟಕಿ ಒರೆಸುತ್ತಿದ್ದಳು. ಕೆರೆಯ ದಂಡೆಯ ದೊಡ್ಡ ಮನೆಗಳು ರಸ್ತೆಯ ಆಚೆಗೆ, ನಾವು ಈಚೆಗೆ. ಮೇಲೆ ಎರಡು ರೂಮು, ಕೆಳಗೆ ಅಡುಗೆಮನೆ ಮತ್ತು ಹಾಲ್, ಅದರ ಕೆಳಗೆ ಬೇಸ್‌ಮೆಂಟ್. ಟವೆಲ್ ಇಡುವ ಗೋಡೆ ಕಪಾಟೇ ನಮ್ಮ ದೇವರ ಮನೆ. ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ ಫರ್ನೆಸ್ ಇತ್ತು. ಅದು ಹೊತ್ತಿಕೊಳ್ಳುವಾಗಲೆಲ್ಲ ಯಾರೋ ದೊಡ್ಡದಾಗಿ ಉಸಿರೆಳೆದುಕೊಂಡ ಹಾಗೆ ಸದ್ದಾಗುತ್ತಿತ್ತು. ನಾನು ಒಬ್ಬಳೇ ಅಲ್ಲಿಗೆ ಇಳಿಯುತ್ತಿರಲಿಲ್ಲ.

ಕೂಪನ್ ವಿದ್ಯೆಯನ್ನು ಅಮ್ಮನಿಗೆ ಹೇಳಿಕೊಟ್ಟವರು ವಿಮಲಾ ಆಂಟಿ. ಹುಬ್ಬಳ್ಳಿ ಕಡೆಯವರು, ನಮ್ಮ ಸಾಲಿನಲ್ಲೇ ಕೊನೆಯ ಮನೆ. ಅವರ ಯಜಮಾನರು ಬಸವರಾಜ ಅಂಕಲ್, ಅಪ್ಪನ ಹಾಗೆಯೇ ಕಾರಿನ ಕಂಪನಿಗಳನ್ನು ನಂಬಿಕೊಂಡಿದ್ದವರು. ಮಕ್ಕಳಿರಲಿಲ್ಲ. ಆಂಟಿಯದು ದೊಡ್ಡ ನಗು, ದೊಡ್ಡ ಕುಂಕುಮ, ಹಿಮದಲ್ಲೂ ಸಾಕ್ಸ್ ಮೇಲೆ ಹವಾಯಿ ಚಪ್ಪಲಿ. ಒಂದು ಭಾನುವಾರ ದಪ್ಪನೆಯ ಪೇಪರು ಹಿಡಿದುಕೊಂಡು ಬಂದು ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ಸುರಿದರು. ಸುದ್ದಿಯ ಹಾಳೆಗಳನ್ನೆಲ್ಲ ಆಚೆ ತಳ್ಳಿ, ನಡುವಿನ ಬಣ್ಣದ ಹಾಳೆಗಳನ್ನು ಮಾತ್ರ ಇಟ್ಟುಕೊಂಡರು.

"ಶಾರದಕ್ಕಾ, ಇದು ಬರೇ ಕಾಗದ ಅಲ್ರಿ. ಇದನ್ನ ಕತ್ತರಿಸಿ ಇಟ್ಕೋರಿ. ಅಂಗಡ್ಯಾಗ ಅದೇ ಸಾಮಾನು ಸೇಲ್‌ಗೆ ಹಾಕೂ ತನಕ ಕಾಯ್ರಿ. ಆಮ್ಯಾಲೆ ಡಬಲ್ ಕೂಪನ್ ದಿನ ಒಯ್ರಿ, ಕೂಪನ್ನಿನ ಎರಡ್ಪಟ್ಟು ರೊಕ್ಕ ಬಿಡ್ತಾರ. ಪುಕ್ಕಟೆ ಬಿದ್ದಂಗ ಬೀಳ್ತೈತಿ."

"ಬೇಡದೇ ಇರೋ ಸಾಮಾನು ತಂದು ಏನ್ರೀ ಮಾಡೋದು?" ಎಂದಳು ಅಮ್ಮ.

"ಬೇಕಾದಾಗ ಎಲ್ಲಿಂದ ತರ್ತೀರಿ?"

ಈ ಪ್ರಶ್ನೆ ಅಮ್ಮನೊಳಗೆ ಇಳಿದುಬಿಟ್ಟಿತು. ಗಣಿತದ ತಲೆ, ಯಾವ ಕೂಪನ್ನಿಗೆ ಯಾವ ಸೇಲ್ ಸೇರಿಸಿದರೆ ಏನು ಉಳಿಯುತ್ತದೆ ಎಂದು ಚಪಾತಿ ಲಟ್ಟಿಸುತ್ತಲೇ ಲೆಕ್ಕ ಹಾಕುತ್ತಿದ್ದಳು. ಭಾನುವಾರ ಪೂಜೆ ಮುಗಿಸಿ, ಆರತಿ ತಟ್ಟೆ ಒಳಗಿಟ್ಟ ಕೈಯಲ್ಲೇ ಕತ್ತರಿ ಹಿಡಿಯುವುದು ನಮ್ಮ ಮನೆಯ ಹೊಸ ಸಂಪ್ರದಾಯವಾಯಿತು. ನನಗೂ ಒಂದು ಮಕ್ಕಳ ಕತ್ತರಿ ಸಿಕ್ಕಿತು. ಸಾಮಾನು ಮೊದಲು ವಾಷಿಂಗ್ ಮೆಷೀನಿನ ಮೇಲಿನ ಹಲಗೆಯಲ್ಲಿ ಕೂತಿತು, ಆಮೇಲೆ ಬೇಸ್‌ಮೆಂಟಿಗೆ ಇಳಿಯಿತು. ಅಲ್ಲೂ ಗೋಡೆ ಮುಚ್ಚಿದಾಗ ಮೆಟ್ಟಿಲು ಹತ್ತಿ ನನ್ನ ಮಂಚದ ಕೆಳಗೆ ಬಂತು. ದೇವರ ಕಪಾಟಿನಲ್ಲಿ ಚಾಮುಂಡಿಯ ಪಟದ ಹಿಂದೆ ಟೂತ್‌ಪೇಸ್ಟಿನ ಪೆಟ್ಟಿಗೆಗಳು. ಊದಿನಕಡ್ಡಿಯ ವಾಸನೆಯ ಜೊತೆ ಪುದೀನಾ ವಾಸನೆ. ಕೂಪನ್ ಏನು ಹೇಳಿತೋ ಅದೇ ನಮ್ಮ ಊಟ. ಪಾಸ್ತಾಕ್ಕೆ ಹುಳಿಪುಡಿ, ಸೀರಿಯಲ್‌ಗೆ ಒಗ್ಗರಣೆ ಕೊಟ್ಟು ಚೂಡಾ, ಕಪ್ಪು ಬೀನ್ಸಿನ ಸಾರು. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ತಾಂಬೂಲದ ಜೊತೆ ಒಂದೊಂದು ಬಾಟಲಿ ಹ್ಯಾಂಡ್ ಲೋಷನ್. ಎಲ್ಲರೂ ನಕ್ಕರು, ಎಲ್ಲರೂ ತೆಗೆದುಕೊಂಡು ಹೋದರು. ನನಗೆ ಮಾತ್ರ ಅದು ಹೆಮ್ಮೆಯ ವಿಷಯವಾಗಿ ಉಳಿಯಲಿಲ್ಲ. ಡಬ್ಬಗಳ ರಾಶಿ ಬೆಳೆದ ಹಾಗೆಲ್ಲ ಅಮ್ಮನ ಮುಖದಲ್ಲಿ ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಬೇಸ್‌ಮೆಂಟಿಗೆ ಹೋಗಿ ಒಂದೊಂದನ್ನೂ ಮುಟ್ಟಿ ನೋಡಿ ಬರುತ್ತಿದ್ದಳು. ಮೇಲೆ ಬಂದವಳೇ, "ಅಕ್ಕಿ ಸಾಲಲ್ಲ ಅನ್ಸುತ್ತೆ" ಎನ್ನುತ್ತಿದ್ದಳು.

ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. ಒಂದು ಸಂಜೆ ಶೂ ಇಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು ಸಿಟ್ಟಾದರು.

"ನಾಳೆ ಕೆಲಸ ಹೋದ್ರೆ ಒಬ್ಬೊಬ್ಬರಿಗೆ ಎರಡು ಸೂಟ್‌ಕೇಸ್ ಶಾರದಾ, ಅಷ್ಟೇ. ಈ ಶಾಂಪೂನೆಲ್ಲ ಯಾರ ತಲೆಗೆ ಹಾಕ್ತೀಯ?"

ಅಮ್ಮ "ಕೆಲಸ ಹೋಗತ್ತೆ ಅಂತ ಬಾಯಲ್ಲಿ ಅನ್ಬೇಡಿ" ಎಂದಳು. ಅಷ್ಟು ಹೇಳಿ ಅಳತೊಡಗಿದಳು. ಅಪ್ಪ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹೋದರು. ಗಂಟು ಕಟ್ಟುವ ದಿನ ಬಂದರೆ ಆ ರಾಶಿಯಲ್ಲಿ ಒಂದು ಸೋಪನ್ನೂ ಒಯ್ಯಲಾಗದು ಎನ್ನುವುದು ನಾಲ್ಕನೇ ಕ್ಲಾಸಿನ ನನಗೇ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ತಂದು ತುಂಬುತ್ತಿದ್ದಳಲ್ಲ, ಅದು ನನ್ನನ್ನು ಇನ್ನಷ್ಟು ಹೆದರಿಸುತ್ತಿತ್ತು.

ಡಬಲ್ ಕೂಪನ್ ದಿನ ಅಂಗಡಿಗೆ ಹೊರಟಾಗಲೆಲ್ಲ ನಾನು ಶೂ ಹುಡುಕುವ ನೆಪದಲ್ಲಿ ತಡ ಮಾಡಲು ನೋಡುತ್ತಿದ್ದೆ. ಆದರೂ ಬಾಗಿಲು ತೆಗೆಯುವ ಮುಂಚೆಯೇ ನಾವು ಅಲ್ಲಿರುತ್ತಿದ್ದೆವು, ನಮ್ಮಂಥವರು ಇನ್ನೂ ಕೆಲವರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಾಗಿಲು ತೆರೆದದ್ದೇ ಸಾಮಾನು ತುಂಬುವ ಕಾರ್ಟುಗಳ ಓಟ. ಸ್ವಲ್ಪ ಹೊತ್ತಿನಲ್ಲೇ ಕೆಲವು ಶೆಲ್ಫುಗಳು ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿದ್ದವು. ಸೇಲ್ ಎಂದು ಬರೆದ ಹಳದಿ ಚೀಟಿ ಮಾತ್ರ ಉಳಿದಿರುತ್ತಿತ್ತು. ಒಂದು ದಿನ ಕೆಲಸದ ಸಮವಸ್ತ್ರದಲ್ಲೇ ಇದ್ದ ಒಬ್ಬ ಹೆಂಗಸು, ಸೊಂಟದ ಮೇಲೆ ಮಗು, ಸೂಪಿನ ಡಬ್ಬಗಳ ಖಾಲಿ ಶೆಲ್ಫಿನ ಮುಂದೆ ನಿಂತಿದ್ದಳು. ಕೈಯಲ್ಲಿ ಒಂದೇ ಒಂದು ಕೂಪನ್. ಅವಳು ನಿಧಾನವಾಗಿ ತಿರುಗಿ ನಮ್ಮ ಕಾರ್ಟನ್ನು ನೋಡಿದಳು. ಅದರ ತುಂಬ ಅದೇ ಸೂಪು. ನಾವು ಸೂಪು ಕುಡಿಯುವವರಲ್ಲ.

"ಅಮ್ಮಾ, ಕ್ಯಾನ್ ವಿ ಗಿವ್ ಹರ್ ಒನ್?" ಎಂದೆ.

"ಸುಮ್ನೆ ನಡಿ ಪುಟ್ಟಿ. ಹಿಂದೆ ನೋಡ್ಬೇಡ."

ನೋಡದೇ ಇದ್ದರೂ ಆ ಹೆಂಗಸಿನ ಕಣ್ಣು ನನ್ನ ಬೆನ್ನ ಮೇಲೇ ಇತ್ತು. ಬಿಲ್ ಮಾಡುವ ಕಡೆ ಇನ್ನೊಂದು ಪಾಡು. ಕ್ಯಾಷಿಯರ್ ಒಂದೊಂದೇ ಕೂಪನ್ ಹಿಡಿದು ನೋಡುತ್ತಾಳೆ, ಮೆಷೀನು ಕೀಂ ಎನ್ನುತ್ತದೆ, ಅವಳು ಮೇಲಿನ ದೀಪ ಮಿನುಗಿಸಿ ದೊಡ್ಡವರನ್ನು ಕರೆಯುತ್ತಾಳೆ. ಹಿಂದಿನ ಸಾಲು ಉದ್ದವಾಗುತ್ತದೆ, ನಿಟ್ಟುಸಿರುಗಳು ಕೇಳಿಸುತ್ತವೆ. ಒಮ್ಮೆ ಒಬ್ಬ ಮುದುಕ ತನ್ನ ಹಾಲಿನ ಕ್ಯಾನನ್ನು ನೆಲದ ಮೇಲೆ ಕುಕ್ಕಿ, ನಿಮ್ಮ ದೇಶದಲ್ಲಿ ಹೀಗೇನಾ ಸಾಮಾನು ಕೊಳ್ಳುವುದು ಎಂದು ಕೂಗಿ ಹೊರಟುಹೋದ. ಅಮ್ಮ ಕೂಪನ್ನುಗಳನ್ನು ಜೋಡಿಸುತ್ತಲೇ ಇದ್ದಳು. ಅವಳ ಕಿವಿ ಮಾತ್ರ ಕೆಂಪಾಗಿತ್ತು.

ಅದೇ ಚಳಿಗಾಲದಲ್ಲಿ ಬಸವರಾಜ ಅಂಕಲ್ಲಿನ ಕೆಲಸ ಹೋಯಿತು. ವಿಮಲಾ ಆಂಟಿ ಸುದ್ದಿ ಹೇಳಿದಾಗ ನಗುತ್ತಲೇ ಹೇಳಿದರು. ನಗು ಮುಗಿದ ಮೇಲೂ ಬಾಯಿ ಹಾಗೇ ತೆರೆದಿತ್ತು. ಅಂಕಲ್ ಎಲ್ಲೆಲ್ಲೋ ಅಪ್ಲೈ ಮಾಡುತ್ತಿದ್ದರು. ಈಗ ಅವರ ಮನೆಯ ಕಿಟಕಿಯ ಪರದೆಗಳು ಹಗಲೂ ಮುಚ್ಚಿರುತ್ತಿದ್ದವು. ಕೆಲವು ದಿನಗಳ ನಂತರ ಆಂಟಿ ಒಂದು ಕವರ್ ತಂದು ಅಮ್ಮನ ಕೈಗಿಟ್ಟರು. ಬಟ್ಟೆ ಒಗೆಯುವ ಲಿಕ್ವಿಡ್‌ನ ಕೂಪನ್ನುಗಳು. ಪೇಪರಿನಿಂದ ಕತ್ತರಿಸಿದವಲ್ಲ, ಪ್ರಿಂಟ್ ಮಾಡಿದವು. ಪೂರ್ತಿ ಬಾಟಲಿಯೇ ಉಚಿತ.

"ಇದು ಸರಿ ಇದೆಯೇನ್ರೀ?" ಅಮ್ಮ ಬೆಳಕಿಗೆ ಹಿಡಿದು ನೋಡಿದಳು.

"ಯಾರೋ ಈಮೇಲ್‌ನ್ಯಾಗ ಕಳ್ಸ್ಯಾರ್ರಿ. ಎಲ್ಲಾರೂ ಒಯ್ಯಾಕತ್ತಾರ. ನಮಗ ಇನ್ನ ಯಾಕ್ ಬೇಕ್ರಿ ಅಷ್ಟೆಲ್ಲಾ? ನೀವರ ತಗೋರಿ."

ಮುಂದಿನ ವಾರ ಆ ಕವರಿನ ಸಮೇತ ಅಂಗಡಿಗೆ ಹೋದೆವು. ಕ್ಯಾಷಿಯರ್ ಹುಡುಗಿ ಆ ಕೂಪನ್ನುಗಳನ್ನು ತೆಗೆದುಕೊಂಡು ಬದಿಗಿಟ್ಟಳು. ದೀಪ ಮಿನುಗಿಸಲಿಲ್ಲ, ಫೋನ್ ಎತ್ತಿದಳು. ಟೈ ಕಟ್ಟಿದ, ಬೊಕ್ಕತಲೆಯ ಮ್ಯಾನೇಜರ್ ಬಂದು, ನಮ್ಮ ಕಾರ್ಟನ್ನು ಅಲ್ಲೇ ಬಿಟ್ಟು ತನ್ನ ಜೊತೆ ಬರಬೇಕೆಂದರು. ಹಾಲಿನ ಫ್ರಿಜ್ಜುಗಳ ಪಕ್ಕದ ಬಾಗಿಲು, ಕಿರಿದಾದ ಮೆಟ್ಟಿಲು, ಮೇಲೊಂದು ಪುಟ್ಟ ಆಫೀಸು. ಗೋಡೆಯ ಮೇಲೆ ಸಾಲಾಗಿ ಫೋಟೋಗಳನ್ನು ಅಂಟಿಸಿದ್ದರು. ಯಾರೂ ನಗುತ್ತಿರಲಿಲ್ಲ. ಬಾಗಿಲು ಮುಚ್ಚಿದ ಸದ್ದಿಗೆ ಅಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಬೆರಳುಗಳಿಗೆ ಜೋಮು ಹಿಡಿಯಿತು.

ಮ್ಯಾನೇಜರ್ ಕೂಗಾಡಲಿಲ್ಲ. ಇವು ನಕಲಿ ಕೂಪನ್ನುಗಳು ಎಂದರು. ಇದನ್ನು ಕೊಡುವುದು ಅಪರಾಧ, ಪೊಲೀಸರನ್ನು ಕರೆಯಬಹುದು ಎಂದರು. ಪೊಲೀಸ್ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ಅಮ್ಮನ ಇಂಗ್ಲಿಷೆಲ್ಲ ಓಡಿಹೋಯಿತು. ಕ್ಲಾಸಿನ ತುಂಬ ಮಕ್ಕಳನ್ನು ಗದರಿಸಿ ಕೂರಿಸುತ್ತಿದ್ದವಳ ಬಾಯಿಂದ "ಸರ್, ಸರ್" ಬಿಟ್ಟು ಏನೂ ಹೊರಡಲಿಲ್ಲ. ಮೇಜಿನ ಕೆಳಗಿಂದ ಮ್ಯಾನೇಜರ್ ಒಂದು ಪೆಟ್ಟಿಗೆ ಎಳೆದು ತೋರಿಸಿದರು. ಅದರ ತುಂಬ ಇಂಥವೇ ಕೂಪನ್ನುಗಳು. ಅಸಲಿ ಕೂಪನ್ನಿನ ದುಡ್ಡನ್ನು ಸಾಮಾನು ತಯಾರಿಸಿದ ಕಂಪನಿಯವರು ಅಂಗಡಿಗೆ ತುಂಬಿಕೊಡುತ್ತಾರೆ, ಇದಕ್ಕೆ ಕೊಡುವುದಿಲ್ಲ, ಹೀಗೆ ವಾಪಸು ಕಳಿಸುತ್ತಾರೆ. ಅಷ್ಟೂ ನಷ್ಟ ಈ ಅಂಗಡಿಯ ಮೇಲೆ. ಕ್ಯಾಷಿಯರುಗಳನ್ನು ಕಡಿಮೆ ಮಾಡಿದ್ದೇನೆ, ಮುಂದಿನ ಸರದಿ ನನ್ನದೇ ಇರಬಹುದು ಎಂದರು. ಅವರ ದನಿ ಅಪ್ಪನ ಶುಕ್ರವಾರದ ದನಿಯ ಹಾಗಿತ್ತು. ಅವರಿಗೂ ಭಯವಿದೆ ಎಂದು ಗೊತ್ತಾದಾಗ ನನಗೆ ಧೈರ್ಯ ಬರಲಿಲ್ಲ. ಹೆದರಿದವರು ಏನು ಬೇಕಾದರೂ ಮಾಡಿಯಾರು ಎನಿಸಿತು.

"ಯಾರು ಕೊಟ್ಟರು ಇದನ್ನು?" ಎಂದು ಕೇಳಿದರು. ಹೆಸರು ಹೇಳಿದರೆ ನಿಮ್ಮನ್ನು ಬಿಟ್ಟುಬಿಡುತ್ತೇನೆ, ನನಗೆ ಬೇಕಾದದ್ದು ಪ್ರಿಂಟ್ ಮಾಡಿದವರು ಎಂದರು.

ಅಮ್ಮ ತಲೆ ಅಲ್ಲಾಡಿಸಿದಳು. ಅವರು ಮತ್ತೆ ಕೇಳಿದರು. ಅಮ್ಮ ಕನ್ನಡದಲ್ಲಿ, ತುಟಿ ಹೆಚ್ಚು ಅಲ್ಲಾಡಿಸದೆ, ನನಗೆ ಹೇಳಿದಳು:

"ಅವರ ವೀಸಾ ಆಗಲೇ ಹೋಗಿದೆ ಪುಟ್ಟಿ. ಹೆಸರು ಹೇಳಿದ್ರೆ ಇಬ್ಬರನ್ನೂ ಹಿಡ್ಕೊಂಡು ಹೋಗ್ತಾರೆ. ನೀನು ಬಾಯಿ ಬಿಡ್ಬೇಡ."

ಮ್ಯಾನೇಜರ್ ನನ್ನ ಎತ್ತರಕ್ಕೆ ಬಗ್ಗಿದರು. ಅಮ್ಮ ಏನು ಹೇಳಿದರು, ನಿನಗೆ ಗೊತ್ತಾ ಯಾರು ಕೊಟ್ಟದ್ದು ಎಂದು ಮೆತ್ತಗೆ ಕೇಳಿದರು. ಅವರ ಶರ್ಟಿನಿಂದ ಕಾಫಿಯ ವಾಸನೆ ಬರುತ್ತಿತ್ತು. ಸುಳ್ಳು ಹೇಳಬಾರದು ಎಂದು ನಮ್ಮ ಟೀಚರ್ ಹೇಳಿದ್ದರು, ಅಮ್ಮನೂ ಹೇಳಿದ್ದಳು. ನನ್ನ ಮನಸ್ಸಿನ ತುಂಬ ವಿಮಲಾ ಆಂಟಿಯ ಕುಂಕುಮ, ಮುಚ್ಚಿದ ಪರದೆಗಳು, ಹೊರಗೆ ನಿಂತ ಪೊಲೀಸ್ ಕಾರಿನ ನೀಲಿ ಕೆಂಪು ದೀಪ.

"ಐ ಡೋಂಟ್ ನೋ" ಎಂದೆ. "ಪ್ಲೀಸ್ ಡೋಂಟ್ ಟೇಕ್ ಮೈ ಮಾಮ್."

ಅವರು ನೆಟ್ಟಗೆ ನಿಂತು, ನಮ್ಮ ಕೂಪನ್ನುಗಳನ್ನೂ ಆ ಪೆಟ್ಟಿಗೆಗೆ ಹಾಕಿ, ಕಾಲಿನಿಂದ ಮೇಜಿನ ಕೆಳಗೆ ತಳ್ಳಿದರು. ಆಮೇಲೆ ಕ್ಯಾಮೆರಾ ಎತ್ತಿಕೊಂಡು, ಗೋಡೆಯ ಆ ಸಾಲಿಗೆಂದು, ಅಮ್ಮನ ಫೋಟೋ ತೆಗೆದರು. ಹೆಸರು, ಮನೆಯ ಫೋನ್ ನಂಬರ್ ಬರೆದುಕೊಂಡರು. ಇನ್ನು ಈ ಅಂಗಡಿಗೆ ಕಾಲಿಡಬಾರದು, ಪೊಲೀಸರಿಗೆ ಹೇಳುವ ವಿಷಯ ಯೋಚಿಸಿ ತಿಳಿಸುತ್ತೇನೆ ಎಂದರು. ಮೆಟ್ಟಿಲಿಳಿದು ಬರುವಾಗ ನಮ್ಮ ಕಾರ್ಟ್ ಅಲ್ಲೇ ನಿಂತಿತ್ತು. ಕ್ಯಾಷಿಯರ್ ಹುಡುಗಿ ತಲೆ ಎತ್ತಲಿಲ್ಲ. ಕಾರಿನೊಳಗೆ ಕೂತ ಕೂಡಲೇ ಅಮ್ಮ ಎಲ್ಲ ಬಾಗಿಲುಗಳ ಲಾಕ್ ಒತ್ತಿದಳು. "ಅಪ್ಪಂಗೆ ಹೇಳ್ಬೇಡ. ಅವರ ತಲೆ ಮೇಲೆ ಆಗಲೇ ಬೇಕಾದಷ್ಟಿದೆ" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಫೋನ್ ಶಬ್ದ ಮಾಡಿದರೆ ಅಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಪಕ್ಕದ ಬಡಾವಣೆಗೆ ಪೊಲೀಸ್ ಕಾರು ಬಂದರೆ ನಾನು ಮಂಚದ ಕೆಳಗೆ ತೂರಿಕೊಳ್ಳಲು ನೋಡುತ್ತಿದ್ದೆ. ಅಲ್ಲಿ ಜಾಗವಿರಲಿಲ್ಲ, ಶಾಂಪೂ ಬಾಟಲಿಗಳಿದ್ದವು. ಊಟ ಸೇರುತ್ತಿರಲಿಲ್ಲ. ಚಳಿಗೆ ಹೊಟ್ಟೆ ಹಿಡಿದುಕೊಂಡಿದೆ ಎಂದು ಅಪ್ಪ ಓಮದ ನೀರು ಕುಡಿಸಿದರು. ಅಮ್ಮ ಕತ್ತರಿ ಮುಟ್ಟಲಿಲ್ಲ. ಭಾನುವಾರದ ಪೇಪರು ಪ್ಲಾಸ್ಟಿಕ್ ಚೀಲದೊಳಗೇ ಇರುತ್ತಿತ್ತು.

ಒಂದು ಬೆಳಗ್ಗೆ ಅಮ್ಮ ನನ್ನನ್ನೂ ಕರೆದುಕೊಂಡು ವಿಮಲಾ ಆಂಟಿಯ ಮನೆಗೆ ಹೋದಳು. ಹಾಲ್ ತುಂಬ ತೆರೆದ ಸೂಟ್‌ಕೇಸುಗಳು. ಊರಿಗೆ ಟಿಕೆಟ್ ಆಗಿತ್ತು. ಅಮ್ಮ ನಡೆದದ್ದನ್ನು ಹೇಳಿದಳು. ಆಂಟಿ ಮಡಚುತ್ತಿದ್ದ ಸೀರೆಯನ್ನು ಎದೆಗೆ ಒತ್ತಿಕೊಂಡು ನಿಂತರು.

"ನಿಮಗೆ ಗೊತ್ತಿತ್ತಾ ವಿಮಲಾ? ಅದೊಂದು ಹೇಳಿ."

"ಅನುಮಾನ ಇತ್ರಿ ಅಕ್ಕಾ. ಕೇಳಿದ್ರ ಖರೇ ಗೊತ್ತಾಗ್ತೈತಿ ಅಂತ ಯಾರ್ನೂ ಕೇಳ್ಲಿಲ್ಲ." ಆಂಟಿ ನೆಲ ನೋಡುತ್ತ ಹೇಳಿದರು. "ನಾ ಹೋಗಿ ಅವನ ಮುಂದ ಹೇಳ್ತೇನಿ."

"ಹುಚ್ಚಾ ನಿಮಗೆ? ಟಿಕೆಟ್ ಕೈಯಲ್ಲಿಟ್ಕೊಂಡು ಜೈಲಿಗೆ ಹೋಗ್ತೀರಾ? ನನ್ನ ಮೇಲಾಣೆ, ಹೋಗ್ಕೂಡದು."

ಬರುವಾಗ ಅಮ್ಮ ಅವರ ತೆರೆದ ಸೂಟ್‌ಕೇಸಿನಲ್ಲಿ ಹೊರಚಾಚಿದ್ದ ಒಂದು ಸೀರೆಯ ಅಂಚನ್ನು ಒಳಗೆ ತಳ್ಳಿ ಬಂದಳು.

ಅವರು ಹೋದ ಮರುದಿನ ಶನಿವಾರ. ಫೋನ್ ಬಂತು. ನಾವಿಬ್ಬರೂ ಕದಲುವುದರೊಳಗೆ ಅಪ್ಪ ಎತ್ತಿದರು. "ಯೆಸ್" ಎಂದರು. ಮತ್ತೆ ಮತ್ತೆ "ಯೆಸ್" ಎಂದರು. ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಕೊನೆಗೆ ಅಪ್ಪ "ಥ್ಯಾಂಕ್ ಯೂ" ಎಂದು ಫೋನಿಟ್ಟು ನಮ್ಮ ಕಡೆ ತಿರುಗಿದರು.

"ವಿಮಲಾ ನಿನ್ನೆ ಏರ್‌ಪೋರ್ಟಿಗೆ ಹೋಗೋ ದಾರೀಲಿ ಆ ಅಂಗಡಿಗೆ ಹೋಗಿದ್ರಂತೆ. ಪ್ರಿಂಟ್ ಮಾಡಿದ್ದು ನಾನು, ಶಾರದಾಗೇನೂ ಗೊತ್ತಿಲ್ಲ ಅಂದ್ರಂತೆ. ಮ್ಯಾನೇಜರ್ ನಿನ್ನ ಫೋಟೋ ತೆಗೆದುಹಾಕಿದಾರೆ. ಪೊಲೀಸ್ ಗಿಲೀಸ್ ಏನೂ ಇಲ್ಲ."

ಅಮ್ಮ ಹಾಗೆಯೇ ಜಾರಿ ನೆಲದ ಮೇಲೆ ಕೂತಳು. ಅಪ್ಪ ಬಯ್ಯುತ್ತಾರೆ ಎಂದುಕೊಂಡೆ. ಅವರು ಅಮ್ಮನ ಪಕ್ಕದಲ್ಲೇ ಕೂತರು.

"ಇಷ್ಟು ದಿನ ನೀವಿಬ್ಬರೇ ಹೆದರ್ಕೊಂಡು ಕೂತಿದ್ರಾ?" ಎಂದರು. ಆಮೇಲೆ, "ನಾನೂ ಹೇಳಿಲ್ಲ. ನಮ್ಮ ಗ್ರೂಪ್ ಮುಚ್ತಿದಾರೆ. ಈ ತಿಂಗಳ ಕೊನೆಗೆ ನಂದೂ ಮುಗೀತು" ಎಂದರು.

ಎಷ್ಟೋ ಶುಕ್ರವಾರಗಳಿಂದ ಕಾದಿದ್ದು ಶನಿವಾರ ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ಹೀಗೆ ಬಂತು. ವಿಚಿತ್ರವೆಂದರೆ ಅಮ್ಮ ಅಳಲಿಲ್ಲ. ಎದ್ದು ಕಾಫಿ ಮಾಡಿದಳು. ಅಂದು ಮಧ್ಯಾಹ್ನ ಸಾರು, ಅನ್ನ, ಹಪ್ಪಳ. ಮೂವರೂ ಎರಡೆರಡು ಸಲ ಬಡಿಸಿಕೊಂಡು ತಿಂದೆವು.

ಆ ತಿಂಗಳು ಮುಗಿಯುವ ಮೊದಲೇ, ನಂಬಲಾರದಂತೆ, ಶಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಒಂದು ಕಾರ್ಖಾನೆ ಅಪ್ಪನನ್ನು ತೆಗೆದುಕೊಂಡಿತು. ಸಂಬಳ ಕಡಿಮೆ, ಆದರೆ ವೀಸಾ ಉಳಿಯಿತು. ಹೊರಡುವ ಮುಂಚೆ ಬೇಸ್‌ಮೆಂಟಿನ ಸಾಮಾನನ್ನೆಲ್ಲ ಒಂದು ಚರ್ಚಿನವರು ನಡೆಸುತ್ತಿದ್ದ ಉಚಿತ ದಿನಸಿ ಕೇಂದ್ರಕ್ಕೆ ಕೊಟ್ಟೆವು. ಅಲ್ಲಿನ ಸ್ವಯಂಸೇವಕಿ ಯಾವ ಅಂಗಡಿ ಮುಚ್ಚಿದಿರಿ ಎಂದು ಕೇಳಿದಳು. ಅಮ್ಮ ಇನ್ನೊಂದು ಪೆಟ್ಟಿಗೆ ತರಲು ಕಾರಿನ ಕಡೆ ನಡೆದಳು. ಅಪ್ಪನ ಕಾರ್ಖಾನೆಗೆ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ ಮಾಡಿದೆವು. ಅಲ್ಲಿ ಮೆಟ್ಟಿಲಿಳಿದರೆ ಮಸಾಲೆ ಅಂಗಡಿ, ಎದುರು ಮನೆಯಲ್ಲಿ ಗುಜರಾತಿಗಳು. ಶುಕ್ರವಾರಗಳು ಬರಬರುತ್ತ ಬರೀ ಶುಕ್ರವಾರಗಳಾದವು. ನಾನು ಮಾತ್ರ ಇವತ್ತಿಗೂ ಅಂಗಡಿಯ ಸಾಲಿನಲ್ಲಿ ಮುಂದಿನವರ ಬಿಲ್ಲಿಗೆ ತೊಂದರೆಯಾಗಿ ಯಾರಾದರೂ ಫೋನ್ ಎತ್ತಿದರೆ, ಕಾರ್ಟ್ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ.

ಹುಬ್ಬಳ್ಳಿಯಿಂದ ವಿಮಲಾ ಆಂಟಿಯ ಫೋನ್ ಬಂದದ್ದು ಗ್ಲೆಂಡೇಲ್ ಹೈಟ್ಸ್ ಮನೆಗೆ, ಬಹಳ ದಿನಗಳ ಮೇಲೆ. ಎಲ್ಲರೂ ಕೇಳಲೆಂದು ಅಮ್ಮ ಸ್ಪೀಕರಿಗೆ ಹಾಕಿದಳು. ಅಂಕಲ್ಲಿಗೆ ಪುಣೆಯಲ್ಲಿ ಕೆಲಸವಾಗಿತ್ತು. ಬಿಸಿಲು, ನೀರು, ಅತ್ತೆ ಎಲ್ಲ ಮಾತಾಡಿ ಮುಗಿದ ಮೇಲೆ ಅಮ್ಮ ಕೇಳಿದಳು:

"ಆವತ್ತು ಅವರು ನಿಮಗೇನೂ ಮಾಡ್ಲಿಲ್ವಾ ವಿಮಲಾ?"

"ಏನೂ ಇಲ್ರಿ ಅಕ್ಕಾ. ಕುರ್ಚಿ ಹಾಕಿ ಕುಂದ್ರಿಸಿದ್ರು. ಕುಡ್ಯಾಕ ನೀರು ಕೊಟ್ರು. ದೇಶಾನ ಬಿಟ್ಟು ಹೊಂಟಾಕಿನ್ನ ಹಿಡಿದು ಏನ್ ಮಾಡ್ಲಿ ಅಂದ್ರು. ಆದ್ರ ವಿಮಾನ ಮ್ಯಾಲೆ ಏರೂ ತನಕಾ ಯಾರರ ಬಂದು ನನ್ನ ಹೆಸರು ಹಿಡಿದು ಕರೀತಾರ ಅಂತ ಬಾಗಿಲಾನ ನೋಡ್ಕೋತ ಕುಂತಿದ್ದೆ. ಮ್ಯಾಲೆ ಏರಿದ ಮ್ಯಾಲೆ ಹೋತ್ರಿ ಅಂಜಿಕಿ. ನಿಮ್ಮದು ಹೋತೇನ್ರಿ?"

ಅಮ್ಮ ಕಿಟಕಿಯ ಕಡೆ ನೋಡಿದಳು. ಅಪ್ಪನ ಕಾರು ಇನ್ನೂ ಬಂದಿರಲಿಲ್ಲ, ಬರುವ ಹೊತ್ತೂ ಆಗಿರಲಿಲ್ಲ.

"ನಾವಿನ್ನೂ ಇಲ್ಲೇ ಇದೀವಲ್ಲ ವಿಮಲಾ" ಎಂದಳು.